ನಿಲ್ಲಿಸೋದಕ್ಕಿಂತ ತೆಗೆಯೋದು ಕಷ್ಟ: ತುಮಕೂರಿನ ಒಂದು ಕ್ರಾಸ್, ಹನ್ನೆರಡು ಗಾಡಿ

ವರಮಹಾಲಕ್ಷ್ಮಿ ಹಬ್ಬಕ್ಕೆ ನಾಲ್ಕು ದಿನ ಇತ್ತು. ಬ್ಲೌಸ್ ಹೊಲಿಯುವವರಿಗೆ ಆ ವಾರ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ತುಮಕೂರಿನ ಎಂ.ಜಿ. ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಕ್ರಾಸಿನಲ್ಲಿ ನನ್ನ ಹೊಲಿಗೆ ಅಂಗಡಿ. ಸಂಜೆ ಆರೂವರೆ ಇರಬಹುದು, ಅಂಗನವಾಡಿ ಟೀಚರ್ ಒಬ್ಬರು ಬ್ಲೌಸ್ ತಗೊಂಡು ಹೊರಗೆ ಹೋದರು. ಎರಡು ನಿಮಿಷ ಆಗಿರಲಿಲ್ಲ, ಧಡಧಡ ಅಂತ ಸದ್ದು. ಓಡಿ ಹೋಗಿ ನೋಡಿದರೆ ಐದು ಗಾಡಿ ಒಂದರ ಮೇಲೊಂದು ಬಿದ್ದಿವೆ, ಅವರು ಕಾಲು ಹಿಡಿದುಕೊಂಡು ಚರಂಡಿ ಚಪ್ಪಡಿ ಮೇಲೆ ಕೂತಿದ್ದಾರೆ, ಸುತ್ತ ನಿಂತ ಜನ ಅವರನ್ನೇ ಬೈಯುತ್ತಿದ್ದಾರೆ. "ಗಾಡಿ ತೆಗೆಯೋಕೆ ಬರಲ್ಲ ಅಂದ್ಮೇಲೆ ಯಾಕ್ರೀ ತರ್ತೀರ" ಅಂತ ಒಬ್ಬರು ಅಂದರು. ಆ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಮೀನಖಂಡ ಸೈಲೆನ್ಸರಿಗೆ ತಗುಲಿ ಸುಟ್ಟಿತ್ತು. ಯಾರೋ ಟೂತ್‌ಪೇಸ್ಟ್ ತರೋಕೆ ಓಡಿದರು. ಮೆಡಿಕಲ್ ಸ್ಟೋರಿನ ಅಣ್ಣ ತಡೆದು, ಅದೆಲ್ಲ ಹಚ್ಚಬೇಡಿ, ಐಸೂ ಬೇಡ, ಬರೀ ತಣ್ಣೀರು ಸುರಿಯಿರಿ, 20 ನಿಮಿಷ ಬಿಡದೆ ಸುರಿಯಿರಿ ಅಂದರು. ನಮ್ಮ ಅಂಗಡಿಯ ಕೊಡಪಾನದ ನೀರೆಲ್ಲ ಅಲ್ಲೇ ಸುರಿದೆವು. ಅವರು ಅಳುತ್ತಿದ್ದದ್ದು ಸುಟ್ಟ ನೋವಿಗಿಂತ ಜಾಸ್ತಿ ಬೈಗುಳಕ್ಕೆ ಅಂತ ನನಗೆ ಅನಿಸಿತು.

ನಾನೂ ದಿನಾ ಸ್ಕೂಟರಿನಲ್ಲೇ ಅಂಗಡಿಗೆ ಬರೋಳು. ಶೆಟ್ಟಿಹಳ್ಳಿ ಕಡೆಯಿಂದ ಹೊರಟು ಬಂದು, ಬೆಳಗ್ಗೆ ಹತ್ತಕ್ಕೆ ಬಾಗಿಲು ತೆಗೆದು, ಗಾಡಿಯನ್ನು ಅಂಗಡಿ ಮುಂದೆ ನಿಲ್ಲಿಸಿದರೆ ರಾತ್ರಿ ಒಂಬತ್ತಕ್ಕೆ ತೆಗೆಯೋದು. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಅವರಲ್ಲಿ ಹೆಚ್ಚಿನವರು ಬರೋದು ಸ್ಕೂಟರಿನಲ್ಲೇ. ಗೂಳೂರಿನಿಂದ, ಕ್ಯಾತ್ಸಂದ್ರದಿಂದ, ಬಟವಾಡಿಯಿಂದ ಬರುತ್ತಾರೆ. ಮುಂದೆ ಮಗು, ಹಿಂದೆ ಅತ್ತೆ, ಕಾಲ ಹತ್ತಿರ ತರಕಾರಿ ಚೀಲ. ಸ್ಕೂಟರ್ ಬಂದ ಮೇಲೆ ನಮ್ಮೂರಿನ ಹೆಣ್ಣುಮಕ್ಕಳು ಇನ್ನೊಬ್ಬರ ದಾರಿ ಕಾಯುವುದು ತಪ್ಪಿದೆ. ಅದು ಸಣ್ಣ ವಿಷಯ ಅಲ್ಲ. ಹಾಗಾಗಿ ಆ ಸಂಜೆ ಆದದ್ದನ್ನು "ಅಯ್ಯೋ ಪಾಪ" ಅಂದು ಬಿಡೋಕೆ ಮನಸ್ಸು ಬರಲಿಲ್ಲ. ಯಾಕಾಯಿತು ಅಂತ ನೋಡಲೇಬೇಕು ಅನಿಸಿತು.

ಮೊದಲು ಜಾಗ ಹೇಗಿದೆ ಹೇಳುತ್ತೇನೆ. ಕ್ರಾಸ್ ರಸ್ತೆ ಚರಂಡಿಯಿಂದ ಚರಂಡಿಗೆ 20 ಅಡಿ. ಒಂದು ಕಡೆ ಅಂಗಡಿಗಳು: ಮೆಡಿಕಲ್, ಬೇಕರಿ, ಜೆರಾಕ್ಸ್, ಫ್ಯಾನ್ಸಿ ಸ್ಟೋರ್, ನನ್ನದು. ಮೇಲೆ ಒಂದು ಕ್ಲಿನಿಕ್. ಎದುರು ಕಡೆ ಮನೆಗಳ ಗೇಟು, ಒಂದು ಟ್ರಾನ್ಸ್‌ಫಾರ್ಮರ್. ಕ್ರಾಸಿನ ಬಾಯಲ್ಲಿ ಹೂವಿನ ಅಜ್ಜಿ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ನಮ್ಮ ಕಡೆ ಕಟ್ಟಡದ ಮಾಲೀಕರ ಕಾರು ನಿಲ್ಲುವ ಜಾಗ ಬಿಟ್ಟರೆ ಗಾಡಿ ನಿಲ್ಲಿಸೋಕೆ ಉಳಿಯೋದು 36 ಅಡಿ. ಟೈಲರ್ ಟೇಪಿನಲ್ಲೇ ಅಳೆದೆ. 60 ಇಂಚಿನ ಟೇಪು, ಏಳು ಸಲ ಪೂರ್ತಿ ಹಾಸಿ ಮೇಲೆ ಸ್ವಲ್ಪ ಬಂತು.

ಆಮೇಲೆ ನನ್ನ ಗಾಡಿ ಅಳೆದೆ. ನನ್ನದು ಆಕ್ಟಿವಾ. ಕಂಪನಿ ಲೆಕ್ಕದಲ್ಲಿ ಉದ್ದ 1,833 ಮಿಲಿಮೀಟರ್, ಅಗಲ 697. ಅಂದರೆ ಸುಮಾರು 6 ಅಡಿ ಉದ್ದ, 27 ಇಂಚು ಅಗಲ. 36 ಅಡಿ ಅಂದರೆ 432 ಇಂಚು. ಅದನ್ನು 27ರಿಂದ ಭಾಗಿಸಿ, ಸರಿಯಾಗಿ 16. ಹಬ್ಬದ ಸಂಜೆ ನಮ್ಮ ಸಾಲಿನಲ್ಲಿ ನಿಲ್ಲುತ್ತಿದ್ದದ್ದೂ ಅಷ್ಟೇ, ಹದಿನಾರು. ಹ್ಯಾಂಡಲಿಗೆ ಹ್ಯಾಂಡಲು ತಾಗಿಸಿಕೊಂಡು ಒತ್ತಿ ಒತ್ತಿ ನಿಲ್ಲಿಸುತ್ತಿದ್ದರು. ನೋಡೋಕೆ ಎಷ್ಟು ಚೆನ್ನಾಗಿ ಜಾಗ ಹೊಂದಿಸಿದ್ದಾರೆ ಅನಿಸೋದು. ಆದರೆ ಎರಡು ಗಾಡಿ ಮಧ್ಯೆ ಮನುಷ್ಯ ನಿಲ್ಲೋಕೆ ಒಂದು ಗೇಣು ಜಾಗವೂ ಇಲ್ಲ.

ಎಲ್ಲರೂ ಎಡವುವುದು ಇಲ್ಲೇ ಅಂತ ನನಗೆ ಅನಿಸುತ್ತೆ. ಪಾರ್ಕಿಂಗ್ ಅಂದ ಕೂಡಲೇ ಎಷ್ಟು ಗಾಡಿ ಹಿಡಿಸುತ್ತೆ ಅಂತ ಎಣಿಸುತ್ತಾರೆ. ಗಾಡಿ ತೆಗೆಯುವಾಗ ಏನಾಗುತ್ತೆ ಅಂತ ಯಾರೂ ನೋಡುವುದಿಲ್ಲ. ನಿಲ್ಲಿಸುವಾಗ ಪಕ್ಕದ ಜಾಗ ಖಾಲಿ ಇರುತ್ತೆ, ಸಲೀಸಾಗಿ ಒಳಗೆ ಹೋಗುತ್ತೆ. ವಾಪಸ್ ಬರುವಷ್ಟರಲ್ಲಿ ಎರಡೂ ಕಡೆ ಯಾರೋ ಒತ್ತಿಕೊಂಡು ನಿಲ್ಲಿಸಿರುತ್ತಾರೆ, ಅದೂ ಹ್ಯಾಂಡಲ್ ಲಾಕ್ ಮಾಡಿ, ಜರುಗಿಸೋಕೂ ಆಗದ ಹಾಗೆ. ಆಗ ನೂರು ಕೆಜಿ ದಾಟುವ ಗಾಡಿಯನ್ನು ಹಿಂದಕ್ಕೆ ಎಳೆಯಬೇಕು.

ಆ ಸಂಜೆ ಆದದ್ದು ಇದೇ. ಟೀಚರ್ ತಮ್ಮ ಗಾಡಿಯ ಎಡಗಡೆ ನಿಂತು ಹಿಂದಕ್ಕೆ ಎಳೆಯುತ್ತಿದ್ದರು. ಅವರ ಎಡಕ್ಕೆ ಒಂದು ಬೈಕ್. ನಮ್ಮಲ್ಲಿ ಹೆಚ್ಚಿನ ಬೈಕಿಗೂ ಸ್ಕೂಟರಿಗೂ ಸೈಲೆನ್ಸರ್ ಇರೋದು ಬಲಗಡೆ. ಅಂದರೆ ಸಾಲಿನಲ್ಲಿ ಯಾರೇ ಗಾಡಿ ತೆಗೆದರೂ ಪಕ್ಕದವರ ಸೈಲೆನ್ಸರ್ ಅವರ ಕಾಲಿಗೇ ಮುಖ ಮಾಡಿರುತ್ತೆ. ಆ ಬೈಕ್ ಆಗಷ್ಟೇ ಬಂದು ನಿಂತಿತ್ತು, ಸೈಲೆನ್ಸರ್ ಕಾದಿತ್ತು. ಕಾಲು ತಗುಲಿತು. ನೋವಿಗೆ ಆಯ ತಪ್ಪಿ ಅವರು ಬೈಕಿನ ಸೀಟಿನ ಮೇಲೆ ಕೈ ಊರಿದರು. ಬೈಕ್ ಮುಂದಕ್ಕೆ ಉರುಳಿತು, ಸೈಡ್ ಸ್ಟ್ಯಾಂಡ್ ಮಡಚಿಕೊಂಡಿತು, ಅದು ಎಡಕ್ಕೆ ಬಿದ್ದು ಪಕ್ಕದ್ದನ್ನು ಬೀಳಿಸಿತು, ಪಕ್ಕದ್ದು ಅದರ ಪಕ್ಕದ್ದನ್ನು.

ಆ ಬೈಕ್ ಯಾಕೆ ಅಷ್ಟು ಸುಲಭವಾಗಿ ಉರುಳಿತು? ಇದನ್ನು ಹೇಳಿದ್ದು ನಮ್ಮ ಅಪ್ಪ. ಅಪ್ಪ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆ ಮುಚ್ಚಿದರೂ ಯಾವುದೇ ಯಂತ್ರ ಕಂಡರೆ ಬಗ್ಗಿ ನೋಡುವ ಅಭ್ಯಾಸ ಹೋಗಿಲ್ಲ. ಮಾರನೆಯ ಬೆಳಗ್ಗೆ ಬಂದು ರಸ್ತೆ ಮೇಲೆ ಒಂದು ಚೊಂಬು ನೀರು ಚೆಲ್ಲಿದರು. ನೀರು ಚರಂಡಿ ಕಡೆಗೆ ಹರಿಯಿತು. "ನೋಡಮ್ಮ, ರಸ್ತೆ ನಡು ಎತ್ತರ, ಅಂಚು ತಗ್ಗು. ಮಳೆ ನೀರು ಹೋಗಲಿ ಅಂತ ಹಂಗೇ ಮಾಡಿರ್ತಾರೆ. ನೀವೆಲ್ಲ ಇಳಿಜಾರಿಗೆ ಮೂತಿ ಕೊಟ್ಟು ನಿಲ್ಲಿಸ್ತೀರ. ಗಾಡಿ ಮುಂದಕ್ಕೆ ಜಾರಿದ್ರೆ ಸೈಡ್ ಸ್ಟ್ಯಾಂಡ್ ಮಡಚುತ್ತೆ. ಹಿಂದಕ್ಕೆ ಜಾರಿದ್ರೆ ಇನ್ನೂ ಬಿಗಿಯಾಗಿ ಊರಿಕೊಳ್ಳುತ್ತೆ. ತಿರುಗಿಸಿ ನಿಲ್ಲಿಸಿ ನೋಡು."

ತಿರುಗಿಸಿ ನಿಲ್ಲಿಸಿದೆ. ಹಿಂದಿನ ಚಕ್ರ ಚರಂಡಿ ಚಪ್ಪಡಿಗೆ ತಾಗಿತು, ಮೂತಿ ರಸ್ತೆ ಕಡೆಗೆ. ಒಳಗೆ ತಳ್ಳುವಾಗ ಇಳಿಜಾರು, ಎಳೆದಾಡುವ ಕಷ್ಟ ಇಲ್ಲ. ಹೊರಗೆ ತರುವಾಗ ಏರು, ಆದರೆ ಆಗ ಕೂತು ಎಂಜಿನ್ ಹಾಕಿಯೇ ಹೋಗುತ್ತೇವೆ, ಎದುರಿಗೆ ಬರುವ ಆಟೋನೂ ಕಾಣುತ್ತೆ. ಮುಂಚೆ ಬೆನ್ನು ಹಾಕಿಕೊಂಡು ರಸ್ತೆಗೆ ಇಳಿಯುತ್ತಿದ್ದೆವು, ಹಿಂದೆ ಏನು ಬರ್ತಿದೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಈಗಿನ ಕೆಲವು ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿ ರಿವರ್ಸ್ ಕೂಡ ಇದೆ, ಅವರಿಗೆ ಇನ್ನೂ ಸಲೀಸು. ಇಷ್ಟು ವರ್ಷ ಗಾಡಿ ಓಡಿಸಿ ಇದು ನನಗೆ ಹೊಳೆದಿರಲಿಲ್ಲ.

ಮುಂದಿನ ಪ್ರಶ್ನೆ ಅಗಲದ್ದು. ಒಬ್ಬ ಹೆಂಗಸು ಗಾಡಿ ಪಕ್ಕ ನಿಂತು, ಸೀಟು ಎತ್ತಿ, ಚೀಲ ಒಳಗಿಟ್ಟು, ಮಗುವನ್ನು ಹತ್ತಿಸಿ, ಸೀರೆ ಸೆರಗು ಎಲ್ಲೂ ಸಿಕ್ಕದ ಹಾಗೆ ಕೂರಬೇಕು. ಅಷ್ಟಕ್ಕೆ ಎಷ್ಟು ಬೇಕು ಅಂತ ನಾನು, ಫ್ಯಾನ್ಸಿ ಸ್ಟೋರಿನ ಅಕ್ಕ ಇಬ್ಬರೂ ಎರಡು ಗಾಡಿ ನಿಲ್ಲಿಸಿಕೊಂಡು ಮಧ್ಯಾಹ್ನದ ಹೊತ್ತು ನೋಡಿದೆವು. ಒಂದು ಗಾಡಿಗೆ 3 ಅಡಿ ಕೊಟ್ಟರೆ ಆಗುತ್ತೆ. ಸೈಡ್ ಸ್ಟ್ಯಾಂಡ್ ಹಾಕಿದ ಗಾಡಿ ಎಡಕ್ಕೆ ವಾಲುತ್ತೆ, ಅದಕ್ಕೂ ಈ 3 ಅಡಿಯಲ್ಲಿ ಜಾಗ ಇದೆ. 27 ಇಂಚಿನ ಲೆಕ್ಕ ಹಾಕಿದರೆ ಎಲ್ಲರೂ ಡಬಲ್ ಸ್ಟ್ಯಾಂಡ್ ಹಾಕಲೇಬೇಕು. ಸೊಂಟ ನೋವಿರುವವರು, ಬಸುರಿಯರು, ವಯಸ್ಸಾದವರು ಡಬಲ್ ಸ್ಟ್ಯಾಂಡ್ ಹಾಕೋದು ಹೇಗೆ? ಪಕ್ಕದಲ್ಲಿರುವ ಯಾರಾದರೂ ಹುಡುಗರನ್ನು "ತಮ್ಮಾ, ಸ್ವಲ್ಪ ಹಾಕಿಕೊಡಪ್ಪ" ಅಂತ ಕೇಳಬೇಕು.

3 ಅಡಿಯ ಲೆಕ್ಕದಲ್ಲಿ 36 ಅಡಿಗೆ ಹಿಡಿಸೋದು 12 ಗಾಡಿ. ಹದಿನಾರಕ್ಕೆ ನಾಲ್ಕು ಕಡಿಮೆ. ಬೇಕರಿ ಅಣ್ಣ ಕೂಡಲೇ ಅಂದರು, "ನಾಲ್ಕು ಗಿರಾಕಿ ಹೋದ ಹಾಗಾಯ್ತಲ್ಲಮ್ಮ." ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಹಾಗಾಗಿ ಒಂದು ವಾರ ನಾನು ಮಿಷನ್ ಮುಂದೆ ಕೂತೇ ಹೊರಗೆ ಯಾವ ಗಾಡಿ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಗಮನಿಸಿದೆ. ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುರುತು ಹಾಕಿಕೊಂಡೆ. ಗೊತ್ತಾಗಿದ್ದು ಇಷ್ಟು: ಮೆಡಿಕಲ್, ಬೇಕರಿ, ಜೆರಾಕ್ಸಿಗೆ ಬಂದವರು ಐದು ಹತ್ತು ನಿಮಿಷದಲ್ಲಿ ಹೊರಡುತ್ತಾರೆ. ನನ್ನಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ ಇಪ್ಪತ್ತು ನಿಮಿಷ. ಕ್ಲಿನಿಕ್ಕಿಗೆ ಬಂದವರು ಗಂಟೆ ಮೇಲೆ. ಬೆಳಗ್ಗೆಯಿಂದ ರಾತ್ರಿವರೆಗೆ ಅಲುಗಾಡದೆ ನಿಂತಿದ್ದವು ಐದು ಗಾಡಿ. ಆ ಐದೂ ಅಂಗಡಿಯವರದೇ. ಅದರಲ್ಲಿ ಒಂದು ನನ್ನದು.

ಲೆಕ್ಕ ಹಾಕಿ ಎಲ್ಲರಿಗೂ ತೋರಿಸಿದೆ. ಹದಿನಾರರಲ್ಲಿ ನಮ್ಮ ಐದು ಕಳೆದರೆ ಗಿರಾಕಿಗಳಿಗೆ ಸಿಗುತ್ತಿದ್ದದ್ದು ಹನ್ನೊಂದೇ. ನಮ್ಮ ಐದನ್ನೂ ಬೇರೆ ಕಡೆ ಹಾಕಿದರೆ, 3 ಅಡಿ ಅಗಲ ಬಿಟ್ಟರೂ ಗಿರಾಕಿಗಳಿಗೆ ಹನ್ನೆರಡು. ಒಂದು ಜಾಸ್ತಿಯೇ ಆಯಿತು. ಒಬ್ಬೊಬ್ಬರು 20 ನಿಮಿಷ ನಿಂತರೂ ಒಂದು ಜಾಗಕ್ಕೆ ಗಂಟೆಗೆ ಮೂರು ಜನ, ನನ್ನ ಗಾಡಿ ನಿಂತ 11 ಗಂಟೆಯಲ್ಲಿ 33 ಜನ ಬಂದು ಹೋಗಬಹುದಿತ್ತು. ಅಷ್ಟು ಜನ ಜಾಗ ಇಲ್ಲ ಅಂತ ಮುಂದೆ ಹೋಗಿರಲಿಕ್ಕಿಲ್ಲ, ಆದರೆ ಸಂಜೆ ಹೊತ್ತು ಕೆಲವರು ಹೋಗಿದ್ದನ್ನು ನಾನೇ ನೋಡಿದ್ದೇನೆ. ಬೇಕರಿ ಅಣ್ಣ ಆ ಹಾಳೆಯನ್ನು ಎರಡು ಸಲ ನೋಡಿ, "ಹಂಗಾದ್ರೆ ನಾಳೆಯಿಂದಾನೇ ನನ್ನ ಗಾಡಿ ತೆಗೀತೀನಿ" ಅಂದರು.

ಎಲ್ಲಿ ಹಾಕೋದು? ಕ್ರಾಸಿನ ಹಿಂದೆ ಒಂದು ಮದುವೆ ಛತ್ರ ಇದೆ. ಮದುವೆ ಇಲ್ಲದ ದಿನ ಅದರ ಕಾಂಪೌಂಡ್ ಖಾಲಿ. ಮ್ಯಾನೇಜರ್ ಹತ್ತಿರ ಮಾತಾಡಿದೆವು. ತಿಂಗಳಿಗೆ ಗಾಡಿಗೆ ನೂರು ರೂಪಾಯಿ, ಮುಹೂರ್ತದ ದಿನ ಮಾತ್ರ ತರಬಾರದು ಅಂದರು. ಒಪ್ಪಿಕೊಂಡೆವು. ಅಲ್ಲಿ ಎರಡು ಹೊಂಗೆ ಮರ ಇವೆ. ಹೊಂಗೆ ನೆರಳು ಹೆತ್ತ ತಾಯಿ ನೆರಳು ಅಂತಾರಲ್ಲ, ಬಿಸಿಲಲ್ಲಿ ಕಾಯುತ್ತಿದ್ದ ನನ್ನ ಸೀಟು ಈಗ ತಣ್ಣಗಿರುತ್ತೆ.

ಇದರಿಂದ ನನಗೆ ಗಟ್ಟಿಯಾಗಿ ಅನಿಸಿದ್ದು ಒಂದಿದೆ. ದಿನವಿಡೀ ನಿಲ್ಲುವ ಗಾಡಿಗೂ ಹತ್ತು ನಿಮಿಷ ನಿಲ್ಲುವ ಗಾಡಿಗೂ ಒಂದೇ ಥರದ ಜಾಗ ಕೊಡಬಾರದು. ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವವರು ಇದ್ದಾರೆ, 70 ಕಿಲೋಮೀಟರ್ ದೂರ, ಬೆಳಗ್ಗೆ ಸ್ಟೇಷನ್ ಹತ್ತಿರ ಗಾಡಿ ಬಿಟ್ಟರೆ ಕತ್ತಲಾದ ಮೇಲೇ ಬರೋದು. ಅವರಿಗೆ ಬೇಕಾದ್ದು ನೆರಳು, ಕಾವಲು, ದೀಪ. ಐದು ನಿಮಿಷ ಜಾಸ್ತಿ ನಡೆದರೂ ಅವರಿಗೆ ಬೇಸರ ಇಲ್ಲ. ಆದರೆ ಮಾತ್ರೆ ತಗೊಳ್ಳೋಕೆ ಬಂದವರಿಗೆ ದೂರದಲ್ಲಿ ನಾಲ್ಕು ಮಹಡಿ ಪಾರ್ಕಿಂಗ್ ಕಟ್ಟಿಕೊಟ್ಟರೆ ಯಾರು ಹೋಗುತ್ತಾರೆ? ಅಂಗಡಿ ಬಾಗಿಲಲ್ಲೇ ನಿಲ್ಲಿಸುತ್ತಾರೆ, ಫುಟ್‌ಪಾತ್ ಮೇಲಾದರೂ ಸರಿ. ಆಗ ನಡೆಯುವವರು ರಸ್ತೆಗೆ ಇಳಿಯಬೇಕಾಗುತ್ತೆ. ನಮ್ಮೂರಿಗೆ ಬೇಕಿರೋದು ಹೊರಪೇಟೆ, ಅಶೋಕ ರಸ್ತೆ, ಎಂ.ಜಿ. ರಸ್ತೆಯ ಪ್ರತಿ ಕ್ರಾಸಿನಲ್ಲೂ ಹತ್ತು ಹನ್ನೆರಡು ಸ್ಕೂಟರಿನ ಸಣ್ಣ ಸಣ್ಣ ಜಾಗಗಳು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗ ನಾವೆಲ್ಲ ದೊಡ್ಡ ದೊಡ್ಡ ಕೆಲಸಗಳ ಕನಸು ಕಂಡೆವು. ಈ ಸಣ್ಣ ಕೆಲಸ ನನಗೂ ಆಗ ಹೊಳೆದಿರಲಿಲ್ಲ.

ಸಾಲು ಸರಿ ಮಾಡೋಕೆ ಗೆರೆ ಬೇಕಲ್ಲ. ಬಿಳಿ ಬಣ್ಣ ತರೋಣ ಅಂತ ಹೊರಟಿದ್ದೆವು. ಪರಿಚಯದ ಟ್ರಾಫಿಕ್ ಪೊಲೀಸರೊಬ್ಬರು ಬೇಡ ಅಂದರು. ಅವರು ಹೇಳಿದ್ದು ಸರಿ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಪ್ರಕಾರ ಎಲ್ಲಿ ಗಾಡಿ ನಿಲ್ಲಿಸಬಹುದು ಅಂತ ಗೊತ್ತು ಮಾಡುವುದು ಸರ್ಕಾರ, ಇಲ್ಲವೇ ಸರ್ಕಾರ ಅಧಿಕಾರ ಕೊಟ್ಟವರು, ಅದೂ ಸ್ಥಳೀಯ ಸಂಸ್ಥೆಯ ಜೊತೆ ಮಾತಾಡಿ. ಅಂಗಡಿಯವರು ತಮ್ಮಷ್ಟಕ್ಕೆ ರಸ್ತೆಗೆ ಬಣ್ಣ ಬಳಿಯುವ ಹಾಗಿಲ್ಲ. ಬಿಟ್ಟರೆ ಪ್ರತಿಯೊಬ್ಬರೂ ತಮ್ಮ ಬಾಗಿಲ ಮುಂದೆ ತಮ್ಮದೇ ಗೆರೆ ಎಳೆದುಕೊಂಡು "ಇದು ನನ್ನ ಜಾಗ" ಅಂದಾರು. ಅದಕ್ಕೆ ನಾವು ಅರ್ಜಿ ಬರೆದೆವು. ಅಳತೆ ಹಾಕಿದ ನಕ್ಷೆಯನ್ನು ನನ್ನ ಅಕ್ಕನ ಮಗ ಬರೆದುಕೊಟ್ಟ, ಅವನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ಐದೂ ಅಂಗಡಿಯವರು ಸಹಿ ಹಾಕಿದೆವು.

ಅರ್ಜಿಗೆ ಉತ್ತರ ಬರುವವರೆಗೆ ಏನು ಮಾಡೋದು ಅಂತ ಯೋಚಿಸುತ್ತಿದ್ದಾಗ ಫ್ಯಾನ್ಸಿ ಸ್ಟೋರಿನ ಅಕ್ಕ ಅಂದರು, "ಬಾಗಿಲಿಗೆ ದಿನಾ ರಂಗೋಲಿ ಹಾಕಲ್ವಾ, ಅದನ್ನೇ ಉದ್ದ ಎಳೆದರಾಯ್ತು." ಅವತ್ತಿನಿಂದ ಬೆಳಗ್ಗೆ ನೀರು ಚಿಮುಕಿಸಿ ರಂಗೋಲಿ ಪುಡಿಯಲ್ಲಿ 3 ಅಡಿಗೊಂದು ಗೆರೆ ಎಳೆಯುತ್ತೇವೆ. ಹತ್ತು ನಿಮಿಷದ ಕೆಲಸ. ಅದಕ್ಕೆ ಯಾವ ಅಧಿಕಾರವೂ ಇಲ್ಲ, ದಾಟಿದರೆ ದಂಡವೂ ಇಲ್ಲ. ಜನ ಸುಮ್ನೆ ನೋಡಿ ಅದರೊಳಗೆ ನಿಲ್ಲಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಗೆರೆ ಅಳಿಸಿ ಹೋಗಿರುತ್ತೆ. ಆದರೂ ಸಾಲು ಕೆಡುವುದಿಲ್ಲ, ಯಾಕೆಂದರೆ ಮೊದಲು ಬಂದ ಗಾಡಿ ಹೇಗೆ ನಿಂತಿದೆಯೋ ಅದನ್ನೇ ನೋಡಿ ಉಳಿದವರು ನಿಲ್ಲಿಸುತ್ತಾರೆ. ಮೊದಲನೆಯದು ಅಡ್ಡ ನಿಂತರೆ ಅವತ್ತೆಲ್ಲ ಅಡ್ಡವೇ. ಹಾಗಾಗಿ ಜೆರಾಕ್ಸ್ ಅಂಗಡಿಯ ಹುಡುಗ ತನ್ನ ಗಾಡಿಯನ್ನು ಗೆರೆಯೊಳಗೆ ಮೂತಿ ಹೊರಗೆ ಮಾಡಿ ನಿಲ್ಲಿಸಿ, ಇನ್ನೆರಡು ಗಾಡಿ ಬಂದ ಮೇಲೆ ಛತ್ರಕ್ಕೆ ಹಾಕಿ ಬರುತ್ತಾನೆ.

ಓರೆಯಾಗಿ ನಿಲ್ಲಿಸೋಣ ಅಂತಲೂ ಒಂದು ದಿನ ನೋಡಿದೆವು, ಕಾರುಗಳನ್ನು ನಿಲ್ಲಿಸ್ತಾರಲ್ಲ ಹಾಗೆ. 45 ಡಿಗ್ರಿ ತಿರುಗಿಸಿದರೆ ಅದೇ 3 ಅಡಿ ಅಗಲಕ್ಕೆ ರಸ್ತೆ ಉದ್ದದಲ್ಲಿ 51 ಇಂಚು ಬೇಕು. ಹನ್ನೆರಡು ಗಾಡಿಯ ಜಾಗದಲ್ಲಿ ಎಂಟೇ ಹಿಡಿಸಿದವು, ರಸ್ತೆಗೆ ಚಾಚುವುದೂ ಅಷ್ಟೇನೂ ಕಡಿಮೆ ಆಗಲಿಲ್ಲ. ಬಿಟ್ಟೆವು.

ಹೂವಿನ ಅಜ್ಜಿ ವಿಷಯ ಬರೆಯದೆ ಇರೋಕೆ ಆಗಲ್ಲ. ಅವರನ್ನು ಎಬ್ಬಿಸಿದರೆ ಇನ್ನೆರಡು ಗಾಡಿ ಹಿಡಿಸುತ್ತೆ ಅಂತ ನಮ್ಮಲ್ಲೇ ಒಬ್ಬರು ಹೇಳಿದರು. ನನಗೆ ಸಿಟ್ಟು ಬಂತು. ನಮಗಿಂತ ಮುಂಚಿನಿಂದ ಅಲ್ಲಿ ಕೂತವರು ಅವರು. ಬೀದಿ ವ್ಯಾಪಾರಿಗಳನ್ನು ಹಾಗೆಲ್ಲ ಎಬ್ಬಿಸಬಾರದು ಅಂತ 2014ರಲ್ಲಿ ಕಾಯ್ದೆಯೇ ಬಂದಿದೆ. ಕಾಯ್ದೆ ಇರಲಿ, ಎರಡು ಗಾಡಿ ನಿಲ್ಲಿಸೋಕೆ ಒಬ್ಬರ ಅನ್ನ ಕಿತ್ತುಕೊಳ್ಳೋದು ಯಾವ ನ್ಯಾಯ? ನಾನು ಅಷ್ಟು ಹೇಳಿದ ಮೇಲೆ ಮಾತು ಅಲ್ಲಿಗೇ ನಿಂತಿತು. ಕ್ರಾಸಿನ ಬಾಯಲ್ಲಿ ಗಾಡಿ ನಿಂತರೆ ತಿರುಗುವ ಆಟೋಗೆ ಏನೂ ಕಾಣುವುದಿಲ್ಲ, ಬುಟ್ಟಿ ಆದರೆ ತಗ್ಗಿನಲ್ಲಿರುತ್ತೆ. ಹಾಗೆ ನೋಡಿದರೂ ಅಜ್ಜಿ ಅಲ್ಲಿರೋದೇ ಒಳ್ಳೆಯದು. ಈಗ ಹೊಸಬರು ಬಂದರೆ ಮೊದಲು ಅವರೇ ಕೂಗುತ್ತಾರೆ, "ಹಿಂದ್ಕಾಕು ಮಗ, ಮೂತಿ ಈಚೆಗೆ ಮಾಡು."

ಬೇಕರಿ ಅಣ್ಣನ ತಕರಾರು ಒಂದು ಉಳಿದಿತ್ತು. ಗಾಡಿಗಳ ಹಿಂಭಾಗ ಅಂಗಡಿ ಕಡೆಗಿದ್ದರೆ ಸ್ಟಾರ್ಟ್ ಮಾಡಿದಾಗ ಹೊಗೆ ಪಫ್ಸ್ ಗಾಜಿನ ಮೇಲೇ ಬರುತ್ತೆ ಅಂದರು. ನಿಜ. ಅವರ ಬಾಗಿಲ ಮುಂದಿನ ಒಂದು ಜಾಗವನ್ನು ಖಾಲಿ ಬಿಟ್ಟೆವು. ಹನ್ನೆರಡು ಹನ್ನೊಂದಾಯಿತು. ಅದು ಮುಂಚೆ ಗಿರಾಕಿಗಳಿಗೆ ಸಿಗುತ್ತಿದ್ದಷ್ಟೇ, ಆದರೆ ಈ ಹನ್ನೊಂದರಲ್ಲಿ ಯಾರ ಕಾಲೂ ಸುಡುವುದಿಲ್ಲ. ಆ ಖಾಲಿ 3 ಅಡಿಯಲ್ಲೇ ಕ್ಲಿನಿಕ್ಕಿಗೆ ಬರುವವರು ಕೈ ಹಿಡಿಸಿಕೊಂಡು ಚಪ್ಪಡಿ ಹತ್ತುತ್ತಾರೆ. ಅದನ್ನು ಮುಂಚೆ ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಹೆಲ್ಮೆಟ್‌ಗೂ ಒಂದು ದಾರಿ ಮಾಡಿದೆವು. ನಮ್ಮ ರಾಜ್ಯದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಹೆಚ್ಚಿನ ಸ್ಕೂಟರಿನಲ್ಲಿ ಎರಡು ಹೆಲ್ಮೆಟ್ ಸೀಟಿನ ಕೆಳಗೆ ಹಿಡಿಸಲ್ಲ, ಕನ್ನಡಿಗೆ ಸಿಕ್ಕಿಸಿ ಬಂದರೆ ವಾಪಸ್ ಹೋಗುವಾಗ ಇರುತ್ತೋ ಇಲ್ಲವೋ. ನನ್ನ ಅಂಗಡಿ ಗೋಡೆಗೆ ಎಂಟು ಕೊಕ್ಕೆ ಹೊಡೆಸಿದೆ. ಹೊಲಿಯೋಕೆ ಕೊಟ್ಟ ಬಟ್ಟೆ ಜೊತೆಗೆ ಹೆಲ್ಮೆಟ್ಟೂ ಇಟ್ಟು ಬಜಾರಿಗೆ ಹೋಗಿ ಬರುತ್ತಾರೆ.

ಅಕ್ಕನ ಮಗ ತೈವಾನಿನ ಚಿತ್ರಗಳನ್ನು ತೋರಿಸಿದ. ಅಲ್ಲಿ ನಮಗಿಂತಲೂ ಜಾಸ್ತಿ ಸ್ಕೂಟರಿನ ಓಡಾಟ. ರಸ್ತೆ ಬದಿಯಲ್ಲಿ ಸ್ಕೂಟರಿಗೆ ಅಂತಲೇ ಸಣ್ಣ ಸಣ್ಣ ಚೌಕ ಬರೆದಿದ್ದಾರೆ, ಸಿಗ್ನಲ್ಲಿನಲ್ಲಿ ಕಾರುಗಳ ಮುಂದೆ ಸ್ಕೂಟರುಗಳು ನಿಲ್ಲೋಕೆ ಬೇರೆ ಚೌಕ ಇದೆ, ಹಸಿರು ಬಿದ್ದಾಗ ಅವರು ಮೊದಲು ಹೋಗುತ್ತಾರೆ. ಬಿ.ಎಚ್. ರಸ್ತೆಯಲ್ಲಿ ಬಸ್ಸಿನ ಪಕ್ಕ ಒತ್ತಿಕೊಂಡು ನಿಂತು ಹೊಗೆ ಕುಡಿಯುವ ನನಗೆ ಆ ಎರಡನೆಯ ಚೌಕ ನೋಡಿ ಬಹಳ ಆಸೆಯಾಯಿತು.

ಕಟ್ಟಡದ ಮಾಲೀಕರ ಕಾರಿನ ಜಾಗ ಮಾತ್ರ ಇನ್ನೂ ಹಾಗೇ ಇದೆ. ರಸ್ತೆ ಪಕ್ಕ ಉದ್ದಕ್ಕೆ ನಿಂತ ಒಂದು ಕಾರಿಗೆ ಹಿಂದೆ ಮುಂದೆ ಸೇರಿ 16 ಅಡಿ ಹೋಗುತ್ತೆ, ರಸ್ತೆಗೆ ಚಾಚುವುದು ಸುಮಾರು 6 ಅಡಿ. ಸ್ಕೂಟರಿನ ಉದ್ದವೂ 6 ಅಡಿಯೇ. ಅಂದರೆ ಒಂದಿಂಚೂ ಜಾಸ್ತಿ ರಸ್ತೆ ತಿನ್ನದೆ ಒಂದು ಕಾರಿನ ಜಾಗದಲ್ಲಿ ಐದು ಸ್ಕೂಟರ್ ಆರಾಮಾಗಿ ನಿಲ್ಲುತ್ತವೆ. ಇದನ್ನು ಮಾಲೀಕರಿಗೆ ಬಾಯಿಬಿಟ್ಟು ಹೇಳೋಕೆ ನಮಗೆಲ್ಲ ಹಿಂಜರಿಕೆ ಇತ್ತು, ಬಾಡಿಗೆಗೆ ಇರುವವರಲ್ವಾ. ಕೊನೆಗೆ ಮೆಡಿಕಲ್ ಅಣ್ಣ ಹೇಳಿದರು. ಹಬ್ಬದ ವಾರಗಳಲ್ಲಿ ಸಂಜೆ ಐದರಿಂದ ಒಂಬತ್ತರವರೆಗೆ ಕಾರು ತೆಗೆಯುತ್ತೇನೆ ಅಂತ ಮಾಲೀಕರು ಒಪ್ಪಿದ್ದಾರೆ. ಅಷ್ಟಾದರೂ ಆಯಿತು.

ಮಳೆ ಬಂದ ದಿನ ರಂಗೋಲಿ ನಿಲ್ಲಲ್ಲ, ಅಜ್ಜಿನೂ ಬರಲ್ಲ. ಅಂಥ ಸಂಜೆ ಸಾಲು ಮತ್ತೆ ಒತ್ತಿಕೊಳ್ಳುತ್ತೆ, ಚಕ್ರ ಜಾರುವ ಹೊತ್ತಲ್ಲೇ. ಮುಹೂರ್ತದ ದಿನ ಛತ್ರದ ಗೇಟು ಹಾಕಿರುತ್ತೆ. ಶ್ರಾವಣದಲ್ಲಿ ಮದುವೆಯೂ ಜಾಸ್ತಿ, ಬ್ಲೌಸ್ ಹೊಲಿಗೆಯೂ ಜಾಸ್ತಿ, ಎರಡೂ ಒಟ್ಟಿಗೆ ಬರುತ್ತೆ. ಆ ದಿನಗಳಲ್ಲಿ ನಾನು, ಫ್ಯಾನ್ಸಿ ಸ್ಟೋರಿನ ಅಕ್ಕ ಬಸ್ಸಿನಲ್ಲಿ ಬರುತ್ತೇವೆ. ಉಳಿದ ಮೂವರ ಗಾಡಿಗೆ ಇನ್ನೂ ಜಾಗ ಹುಡುಕುತ್ತಿದ್ದೇವೆ. ಅರ್ಜಿಗೆ ಉತ್ತರ ಬಂದಿಲ್ಲ, ನಕ್ಷೆ ಲಗತ್ತಿಸಿ ಎರಡನೇ ಸಲ ಕೊಟ್ಟಿದ್ದೇವೆ.

ಟೀಚರ್ ದೀಪಾವಳಿಗೆ ಮುಂಚೆ ಮಗಳ ಲಂಗ ಹೊಲಿಸೋಕೆ ಬಂದಿದ್ದರು. ಮೀನಖಂಡದ ಮೇಲೆ ಕಪ್ಪು ಕಲೆ ಉಳಿದಿದೆ. ಗಾಡಿಯನ್ನು ಮಾತ್ರ ನಮ್ಮ ಕ್ರಾಸಿಗೆ ತರದೆ ಟೌನ್‌ಹಾಲ್ ಹತ್ತಿರ ನಿಲ್ಲಿಸಿ ನಡೆದು ಬಂದಿದ್ದರು. ಹೊರಗೆ ಕರೆದುಕೊಂಡು ಹೋಗಿ ಸಾಲು ತೋರಿಸಿದೆ. ಎರಡು ಗಾಡಿ ಮಧ್ಯೆ ಹೋಗಿ ನಿಂತು, ಆ ಕಡೆ ಈ ಕಡೆ ನೋಡಿ, "ಲಂಗ ತಗೊಳ್ಳೋಕೆ ಬರುವಾಗ ಇಲ್ಲೇ ತರ್ತೀನಿ ಅಕ್ಕ" ಅಂದರು.